ಬೆಂಜೊ ಬಾರಿಸಿದವನ ಹೆಸರು

ಸಂತೆಯ ದಿನ ಅಕ್ಕಿಆಲೂರಿನ ಅಕ್ಕಿ ಗಿರಣಿಗೆ ಅರ್ಧ ರಜೆ. ಗುತ್ತೆಪ್ಪ ಮಧ್ಯಾಹ್ನಕ್ಕೇ ಮನೆಗೆ ಬಂದ. ತಲೆಯ ಮೇಲೆ ತೌಡಿನ ಧೂಳು, ಕೈಯಲ್ಲಿ ಒಂದು ಸೂಡು ಮೆಂತ್ಯ ಸೊಪ್ಪು. ಸೊಪ್ಪು ಬಾಡಿ ಜೋತು ಬಿದ್ದಿತ್ತು.

"ಸಂತಿ ಮುಗಿಯೂತನಾ ಕುಂತು ತಂದ್ರಿ ಹೌದಿಲ್ಲೊ?" ಎಂದಳು ಹೆಂಡತಿ ಮಂಜವ್ವ. "ಬಾಡಿದ್ದು ಅಗ್ಗ ಸಿಗತೈತಿ ಅಂತ."

"ನೀರಾಗ ಹಾಕಿದ್ರ ಏಳತೈತಿ ತಗೊ. ನಾನೂ ಬಾಡೇನಿ. ನೀ ಇಟಗೊಂಡಿಲ್ಲೇನು?"

"ನಿಮ್ಮನ್ನ ಎಷ್ಟ ನೀರಾಗ ಹಾಕಿದ್ರೂ ಏಳೂದಿಲ್ಲ."

ಅವನು ನಕ್ಕ. ಆ ದಿನಕ್ಕೆ ಬೇರೆ ವಿಶೇಷವೇನೂ ಇರಲಿಲ್ಲ. ಇದು ಇಬ್ಬರೂ ಕೂತು ಮಾತಾಡುವ ಕಡೆಯ ದಿನ ಎಂದು ಗೊತ್ತಿದ್ದರೆ ಮಂಜವ್ವ ಸೊಪ್ಪಿನ ಮಾತು ತೆಗೆಯುತ್ತಿರಲಿಲ್ಲ.

ಗುತ್ತೆಪ್ಪ ಕೈಕಾಲು ತೊಳೆದು ಗೂಟದ ಮೇಲಿನ ಬೆಂಜೊ ಇಳಿಸಿಕೊಂಡು ಕಟ್ಟೆಯ ಮೇಲೆ ಕೂತ. ಬೆಂಜೊ ಎಂದರೆ ಒಂದು ಉದ್ದನೆಯ ಕಟ್ಟಿಗೆ ಪೆಟ್ಟಿಗೆ. ಮೇಲೆ ತಂತಿ, ತಂತಿಯ ಮೇಲೆ ಟೈಪ್ ಮಷೀನಿಗಿರುವಂಥ ಗುಂಡಿಗಳು. ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಿಂದ ತಂತಿ ಮೀಟಬೇಕು. ಮದುವೆ ಮೆರವಣಿಗೆಯಲ್ಲಿ ಇದನ್ನು ಕೊರಳಿಗೆ ತೂಗುಹಾಕಿಕೊಂಡು, ತಳ್ಳುಗಾಡಿಯ ಸ್ಪೀಕರಿಗೆ ವಾಯರು ಜೋಡಿಸಿಕೊಂಡು, ನಡೆಯುತ್ತ ಬಾರಿಸುತ್ತಾರೆ. ಬ್ಯಾಂಡಿನಲ್ಲಿ ಎಲ್ಲರಿಗಿಂತ ಹಿಂದೆ ನಡೆಯುವವನೇ ಬೆಂಜೊದವನು. ವಾಯರು ಗಾಡಿಗೆ ಕಟ್ಟಿರುತ್ತದಲ್ಲ, ಮುಂದೆ ಹೋಗಲು ಬರುವುದಿಲ್ಲ.

ಅವನಿಗೆ ಇದನ್ನು ಕಲಿಸಿದವನು ಸವಣೂರಿನ ಒಬ್ಬ ಮುದುಕ. ಗುತ್ತೆಪ್ಪ ಹುಡುಗನಿದ್ದಾಗ ಸವಣೂರಿನ ಎಲೆಬಳ್ಳಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದ. ಅಲ್ಲಿ ಉರುಸಿನ ಕವ್ವಾಲಿಯಲ್ಲಿ ಬೆಂಜೊ ಬಾರಿಸುತ್ತಿದ್ದ ಆ ಮುದುಕನ ಚೀಲ ಹೊತ್ತ, ಬೀಡಿ ತಂದುಕೊಟ್ಟ, ಕಾಲು ಒತ್ತಿದ. ಮುದುಕ ಸಾಯುವ ಮುಂದೆ ಪೆಟ್ಟಿಗೆಯನ್ನು ಇವನ ತೊಡೆಯ ಮೇಲಿಟ್ಟ. ಅದೇ ಈ ಬೆಂಜೊ. ಹೊಸ ತಂತಿ ಸಿಗದಿದ್ದಾಗ ಗುತ್ತೆಪ್ಪ ಸೈಕಲ್ಲಿನ ಬ್ರೇಕ್ ವಾಯರು ಬಿಚ್ಚಿ ಒಂದೊಂದೇ ಎಳೆ ತೆಗೆದು ಹಾಕುತ್ತಿದ್ದ. ಸೈಕಲ್ಲಿಗೆ ಬ್ರೇಕು ಇರುತ್ತಿರಲಿಲ್ಲ, ಬೆಂಜೊಕ್ಕೆ ತಂತಿ ಇರುತ್ತಿತ್ತು.

"ಇಲ್ಲಿ ಬಾ, ಇದನ್ನ ಕೇಳು," ಎಂದು ಅವನು ಫೋನು ಹಿಡಿದ. "ರೆಕಾರ್ಡಿಂಗಿನ ನಾಸೀರ ಕಳಿಸ್ಯಾನ. ಯಾರಿಗೂ ಕೇಳಸಬ್ಯಾಡ್ರಿ ಅಂದಾನ."

"ಮತ್ತ ನನಗ್ಯಾಕ ಕೇಳಸ್ತೀರಿ?"

"ನೀ ಯಾರಿಗೆ ಹೇಳಾಕಿ? ನನ್ನ ಜೋಡಿನ ಮಾತಾಡೂದಿಲ್ಲ ನೀ."

ಹಾಡು ಶುರುವಾಯಿತು. ಮೊದಲು ಕಹಳೆ ಸ್ಪೀಕರಿನ ಕರಕರ, ಆಮೇಲೆ ಕ್ಲಾರಿನೆಟ್ಟು, ಢೋಲು. ಮಂಜವ್ವನ ಮದುವೆಯ ಕಾಲದ ಬ್ಯಾಂಡಿನ ಸಪ್ಪಳ. ಅದರ ನಡುವೆ ಒಬ್ಬ ಹುಡುಗಿಯ ದಪ್ಪ ದನಿ: ಕರಿ ಮೋತಿ ನಂದು, ಗೊಗ್ಗರ ದನಿ ನಂದು, ಯಾರು ಅಂತೀರಿ? ಹೌದು, ನಾನ! ಹುಡುಗಿ ಉಸಿರು ತೆಗೆದುಕೊಂಡಲ್ಲೆಲ್ಲ ಬೆಂಜೊ ಓಡಿ ಬಂದು ಆ ಜಾಗ ತುಂಬುತ್ತಿತ್ತು.

"ಇದೇನ್ರಿ, ಹೊಸಾ ಹಾಡು ಅಂದ್ರಿ. ಹಳೇ ಕ್ಯಾಸೆಟ್ ಹಂಗ ಕೇಳಾಕತ್ತೈತಿ?"

"ಹಂಗ ಬೇಕಂತ ಆಕಿಗೆ. ಈಗಿನ ಹುಡುಗರಿಗೆ ಹಳೇ ಸಪ್ಪಳದ ಹುಚ್ಚು. ಡಿಜೆ ಕೇಳಿ ಕೇಳಿ ಕಿವಿ ಸತ್ತಾವ."

"ನಿಮಗ ಏನ ಮಾಡ್ತಾರ ಇದಕ್ಕ?"

ಗುತ್ತೆಪ್ಪ ತಂತಿಯ ಕಡೆ ನೋಡುತ್ತ ಹೇಳಿದ, "ಹೆಸರು ಹಾಕ್ತಾರಂತ. ಹಾಡಿನ ಕೆಳಗ ಬರೀತಾರಂತ, ಯಾರು ಏನ ಬಾರಿಸ್ಯಾರ ಅಂತ. ಹಾಡಿದ ಹುಡುಗಿ, ವಿದ್ಯಾ, ಅಂದಾಳ." ಒಂದು ಗುಂಡಿ ಒತ್ತಿ ಬಿಟ್ಟು, "ಊರ ಹೆಸರೂ ಹಾಕ್ರಿ ಅನ್ನಬೇಕು. ಬರೇ ಹೆಸರು ಹಾಕಿದ್ರ ಯಾವ ಊರಾಂವ ಅಂತ ಗೊತ್ತಾಗಬೇಕಲ್ಲ," ಎಂದ.

ಇಷ್ಟು ವರ್ಷ ಸಂಸಾರ ಮಾಡಿ, ಗಂಡನಿಗೆ ಹೆಸರಿನ ಆಸೆಯಿತ್ತೆಂದು ಮಂಜವ್ವನಿಗೆ ಗೊತ್ತಾಗಿದ್ದು ಅಂದೇ.

ಆಸೆ ಪಡಲು ಜಾಗವೂ ಇರಲಿಲ್ಲ. ಅವನಿದ್ದದ್ದು ಮಾಳಪ್ಪ ಬ್ರಾಸ್ ಬ್ಯಾಂಡಿನಲ್ಲಿ. ಮಾಳಪ್ಪ ಬೇರೆ ಯಾರೂ ಅಲ್ಲ, ಗುತ್ತೆಪ್ಪನ ದೊಡ್ಡಪ್ಪನ ಮಗ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು, ಎಲ್ಲಿ ಮದುವೆಯಾದರೂ ಮೈಕಿನಲ್ಲಿ ಕೂಗುವುದು ಮಾಳಪ್ಪ ಬ್ಯಾಂಡ್ ಎಂದು. ಕೋಟಿನ ಎದೆಯ ಮೇಲೆ ಮಾಳಪ್ಪ, ಢೋಲಿನ ತೊಗಲಿನ ಮೇಲೆ ಮಾಳಪ್ಪ, ತಳ್ಳುಗಾಡಿಯ ಮೇಲೆ ಮಾಳಪ್ಪ. ಊದುವವರು ಬಾರಿಸುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಗುತ್ತೆಪ್ಪನನ್ನು ಮಂದಿ ಬೆಂಜೊ ಮಾಸ್ತರ ಎನ್ನುತ್ತಿದ್ದರು. ಗಿರಣಿಯಲ್ಲಿ ಚೀಲ ಹೊರುವಾಗಲೂ ಮಾಸ್ತರ. ಅವನ ಹೆಸರು ಇದ್ದದ್ದು ರೇಷನ್ ಅಂಗಡಿಯಲ್ಲಿ, ಮತ್ತೆ ಕೇರಿಯ ಮುದುಕರ ಬಾಯಲ್ಲಿ.

ವಿದ್ಯಾ ಬಂದದ್ದು ಹೀಗೆ. ಹಿರೇಕೆರೂರಿನ ಹುಡುಗಿ. ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಓದಿದವಳು. ದನಿ ಗಂಡಸರ ದನಿ ಹಾಗೆ. ಸಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಿದರೆ ಉಳಿದ ಹುಡುಗಿಯರು ನಗುತ್ತಿದ್ದರಂತೆ. ಹಾಡಬೇಡ, ಬಾಯಿ ಅಷ್ಟೇ ಆಡಿಸು ಎಂದರಂತೆ ಪಾಠ ಹೇಳುವ ಬಾಯಾರೊಬ್ಬರು. ಆ ಸಿಟ್ಟಿಗೇ ಅವಳು ಹಾಡು ಬರೆದಳು. ಸವಣೂರಿನಲ್ಲಿ ನಾಸೀರ ಎಂಬ ಹುಡುಗ ತನ್ನ ಮನೆಯ ಒಳಖೋಲಿಯ ಗೋಡೆಗೆ ಹಳೆಯ ಗಾದಿ ಬಡಿದು ರೆಕಾರ್ಡಿಂಗ್ ಮಾಡುತ್ತಿದ್ದ. ಇಬ್ಬರೂ ಸೇರಿ ಅವಳ ಮೊದಲನೆಯ ರೆಕಾರ್ಡ್ ತರಬೇಕೆಂದರು. ಹಳೆಯ ಕಾಲದ ಮದುವೆ ಬ್ಯಾಂಡಿನ ಸಪ್ಪಳದಲ್ಲೇ ಆಗಬೇಕೆಂದರು. ಕ್ಲಾರಿನೆಟ್ಟು, ಢೋಲು ನಾಸೀರನ ಮಷೀನಿನಲ್ಲೇ ಸಿಗುತ್ತಿದ್ದವು. ಬೆಂಜೊ ಬಾರಿಸುವವರು ಎಲ್ಲಿದ್ದಾರೆ ಎಂದು ಹುಡುಕಿದರೆ ಉಳಿದಿದ್ದವನು ಇವನೊಬ್ಬ.

ಗಿರಣಿಗೆ ರಜೆ ಇದ್ದಾಗಲೆಲ್ಲ ಗುತ್ತೆಪ್ಪ ಬಸ್ಸು ಹಿಡಿದು ಸವಣೂರಿಗೆ ಹೋಗುತ್ತಿದ್ದ. ಬರುವಾಗ ಒಂದು ಪೊಟ್ಟಣ ಸವಣೂರಿನ ಖಾರ, ಮತ್ತೆ ಆ ಹುಡುಗಿಯ ಸುದ್ದಿ.

"ಆ ಹುಡುಗಿ ದನಿ ಸಣ್ಣ ಮಾಡಿ ಹಾಡಾಕತ್ತಿತ್ತು. ನಾ ಬೆಂಜೊ ಕೆಳಗಿಟ್ಟೆ. ಹಿಂಗ ಹಾಡೂದಿದ್ರ ನಾ ಹೊಕ್ಕೇನಿ, ನನಗ ಬಸ್ ಐತಿ ಅಂದೆ. ಯಾಕ್ರಿ ಮಾಸ್ತರ ಅಂತು. ತಂಗಿ, ನಿನ್ನ ದನಿ ಢೋಲಿನ ದನಿ, ಅದನ್ನ ಕೈಬಳಿ ಸಪ್ಪಳ ಮಾಡಾಕ ಹೋಗಬ್ಯಾಡ ಅಂದೆ. ಅತ್ತು ಬಿಡ್ತು ಪಾಪ. ಆಮ್ಯಾಲೆ ಹಾಡ್ತು ನೋಡು, ನಾಸೀರನ ಗಾದಿ ಹರೀಬೇಕು!"

"ಮಂದಿ ಹುಡುಗೀರಿಗೆ ಧೈರ್ಯ ಹೇಳ್ತೀರಿ," ಎನ್ನುತ್ತಿದ್ದಳು ಮಂಜವ್ವ. "ಭಾವಾರ ಮುಂದ ನಿಂತಾಗ ನಿಮ್ಮ ದನಿನ ಹೊಂಡೂದಿಲ್ಲ."

ಅದು ನಿಜ. ಮಾಳಪ್ಪನ ಮುಂದೆ ಗುತ್ತೆಪ್ಪ ಹೂಂ, ಹೌದಣ್ಣಾ, ಆತಣ್ಣಾ, ಇಷ್ಟೇ.

ಸಂತೆಯ ಮರುದಿನ ಹಿರೇಕೆರೂರಿನಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಮಗನ ಮದುವೆ. ದೊಡ್ಡ ಮೆರವಣಿಗೆ, ಬಿಸಿಲು ಏರಿತ್ತು. ಬ್ಯಾಂಡಿನವರಲ್ಲಿ ಒಂದು ಪದ್ಧತಿಯಿದೆ. ಮೆರವಣಿಗೆ ಹೊರಟ ಮೇಲೆ ಮದುಮಗ ಮಂಟಪ ಮುಟ್ಟುವ ತನಕ ಬಾರಿಸುವುದು ನಿಲ್ಲಬಾರದು. ನಿಂತರೆ ಮದುಮಗನಿಗೆ ಅಪಶಕುನ, ಬ್ಯಾಂಡಿಗೆ ಕೆಟ್ಟ ಹೆಸರು. ಒಬ್ಬನ ತುಟಿ ಒಡೆದು ರಕ್ತ ಬಂದರೂ ಉಳಿದವರು ಬಾರಿಸುತ್ತಲೇ ಹೋಗಬೇಕು. ಒಬ್ಬನು ಬಿಟ್ಟ ಜಾಗವನ್ನು ಇನ್ನೊಬ್ಬನು ಜೋರಾಗಿ ಊದಿ ಮುಚ್ಚಬೇಕು.

ಬಸ್ ಸ್ಟ್ಯಾಂಡಿನ ಆಚೆ ಗುತ್ತೆಪ್ಪನ ಕೈ ನಿಂತಿತು. ಎದೆ ಹಿಡಿದುಕೊಂಡ. ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಗಾಡಿ ಮುಂದೆ ಹೋಯಿತು, ವಾಯರು ಎಳೆದು ಕಿತ್ತುಕೊಂಡಿತು. ಸ್ಪೀಕರಿನಲ್ಲಿ ಬೆಂಜೊ ನಿಂತದ್ದು ಕೇಳಿ ಮಾಳಪ್ಪ ತಿರುಗಿ ನೋಡಿದ. ಕಂಡ. ಕ್ಲಾರಿನೆಟ್ಟಿನವನಿಗೆ ಏರಿಸು ಎಂದು ಕೈ ಮಾಡಿದ. ಮೆರವಣಿಗೆ ಹೋಯಿತು.

ಮದುಮಗನನ್ನು ಮಂಟಪ ಮುಟ್ಟಿಸಿ ತಿರುಗಿ ಬಂದಾಗ ಗಿರಮಿಟ್ಟು ಮಾರುವ ಒಬ್ಬ ಹೆಣ್ಣುಮಗಳು ಗುತ್ತೆಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪೇಪರಿನಿಂದ ಗಾಳಿ ಹಾಕುತ್ತಿದ್ದಳು. ಜೀವ ಆಗಲೇ ಹೋಗಿತ್ತು, ಗಾಳಿ ದಂಡವಾಗಿತ್ತು.

"ದಣಿವಾಗಿ ಕುಂತಾನ ಅನ್ಕೊಂಡೆ," ಎಂದ ಮಾಳಪ್ಪ ಮಂಜವ್ವನ ಮುಂದೆ. "ಆರಿಸ್ಕೊಂಡು ಬರ್ತಾನ ಅನ್ಕೊಂಡೆ. ಬ್ಯಾಂಡ್ ನಿಲ್ಲಸಾಕ ಬರತೈತೇನ ಮಂಜವ್ವಾ, ನೀನ ಹೇಳು."

ಮಂಜವ್ವ ಸೆರಗಿನಿಂದ ಗಂಡನ ಮುಖ ಒರೆಸಿದಳು. ಬಾಯಿ ಬಿಟ್ಟರೆ ಮಣ್ಣು ಕೊಡುವ ಮಂದಿಯ ಮುಂದೆ ಜಗಳವಾಗುತ್ತಿತ್ತು. ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಮಣ್ಣಿನ ಕೆಲಸ ಮಾಡಿದವನೂ ಮಾಳಪ್ಪನೇ.

ಇನ್ನೂ ದಿನಕರ್ಮ ಮುಗಿದಿರಲಿಲ್ಲ, ನೆಂಟರು ಮನೆಯಲ್ಲೇ ಇದ್ದರು. ಒಂದು ಬೆಳಿಗ್ಗೆ ಎಲ್ಲರೂ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಾಗ ಗುತ್ತೆಪ್ಪನ ಫೋನು ಹೊಡೆದುಕೊಂಡಿತು. ಮಂಜವ್ವ ಎತ್ತಿದಳು. ಸವಣೂರಿನ ನಾಸೀರ.

"ಅಕ್ಕಾರ, ಭಾಳ ಕೆಟ್ಟಾತ್ರಿ. ನಾನೂ ವಿದ್ಯಾನೂ ಬರ್ತೇವ್ರಿ. ಒಂದ ಮಾತು ಕೇಳಬೇಕಿತ್ತು. ರೆಕಾರ್ಡಿನ ಕವರು ಇವತ್ತ ಪ್ರಿಂಟಿಗೆ ಹೊಂಟೈತಿ. ಮಾಸ್ತರ ಹೆಸರು ಏನ್ರಿ?"

"ಹಾಂ?"

"ಹೆಸರ್ರಿ. ನನ್ನ ಫೋನಿನಾಗ ಬೆಂಜೊ ಮಾಸ್ತರ ಅಂತ ಐತಿ. ಪೂರಾ ಹೆಸರು ಬೇಕ್ರಿ."

"ನಮ್ಮ ಮನಿಯವರರಿ."

"ಗೊತ್ತೈತ್ರಿ ಅಕ್ಕಾರ. ಹೆಸರು?"

ಮಂಜವ್ವ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಗಂಡನ ಹೆಸರನ್ನು ಅವಳು ಬರಿಬಾಯಿಂದ ಎಂದೂ ಹೇಳಿದವಳಲ್ಲ. ಅವಳ ಅವ್ವ ಹೇಳಲಿಲ್ಲ, ಅತ್ತೆ ಹೇಳಲಿಲ್ಲ. ಒಮ್ಮೆ ಹೇಳಿದ್ದು ಮದುವೆಯಾಗಿ ಹೊಸ್ತಿಲು ದಾಟುವಾಗ, ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಬಿಡಲಿಲ್ಲವೆಂದು ಒಡಪಿನಲ್ಲಿ, ಪ್ರಾಸ ಕಟ್ಟಿ ಹೇಳಿದ್ದು: ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ, ಗುತ್ತೆಪ್ಪನ ಹೆಸರ ಹೇಳತೇನಿ ನೀವು ಕೇಳಿದ ಕಾರಣಕ. ಅಷ್ಟೇ. ಆಮೇಲೆ ಏನ್ರಿ, ಕೇಳ್ರಿ, ನಮ್ಮ ಮನಿಯವರು. ಈಗ ಕುಂಕುಮ ಅಳಿಸಿದ ಹಣೆ ಇಟ್ಟುಕೊಂಡು ಒಡಪು ಹೇಳಲಾದೀತೇ? ಸತ್ತವನ ಹೆಸರನ್ನು ಹೆಂಡತಿ ಆಡಿದರೆ ಅವನಿಗೆ ಮುಂದಿನ ದಾರಿ ಸಾಗುವುದಿಲ್ಲ ಎಂದು ಅತ್ತೆ ಅನ್ನುತ್ತಿದ್ದಳು.

"ನಮ್ಮ ಭಾವಾರ್ನ ಕೇಳ್ರಿ," ಎಂದಳು. "ಮಾಳಪ್ಪ ಭಾವಾರ್ನ. ಅವರು ಹೇಳ್ತಾರ."

ಫೋನು ಇಟ್ಟಳು. ಭಾವನ ಹೆಸರು ಬಾಯಿಂದ ಸಲೀಸಾಗಿ ಬಂದಿತ್ತು.

ನಾಸೀರ, ವಿದ್ಯಾ ಬರಲೇ ಇಲ್ಲ, ರೆಕಾರ್ಡು ಹೊರಗೆ ಬಂತು. ಅದರ ಹೆಸರೇ 'ಹೌದು, ನಾನ'. ಫೋನಿನಲ್ಲೂ ಬಂತು, ಹಳೆಯ ಕಾಲದ ಗ್ರಾಮಫೋನಿನ ಹಾಗೆ ಕರಿ ತಟ್ಟೆಯಲ್ಲೂ ಬಂತು. ಮೊದಲು ಕಾಲೇಜಿನ ಹುಡುಗಿಯರು ಹಿಡಿದುಕೊಂಡರು. ಆಮೇಲೆ ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ಅದೇ, ಆಟೋದಲ್ಲಿ ಅದೇ, ಸಾಲೆಯ ಗ್ಯಾದರಿಂಗಿನಲ್ಲಿ ಅದೇ. ಬಿಸಿಲಲ್ಲಿ ಮುಖ ಕರ್ರಗಾದ ಹುಡುಗಿಯರು ಕನ್ನಡಿ ಮುಂದೆ ನಿಂತು ಕರಿ ಮೋತಿ ನಂದು ಎಂದು ಕುಣಿದು ವಿಡಿಯೋ ಹಾಕಿದರು. ಬೆಂಜೊ ಬರುವ ಕಡೆ ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದರು. ಮಂಜವ್ವ ಎಲ್ಲಿ ಹೋದರೂ ಗಂಡ ಅಲ್ಲಿ ಮೊದಲೇ ಹೋಗಿ ಬಾರಿಸುತ್ತಿರುತ್ತಿದ್ದ. ಕಿರಾಣಿ ಅಂಗಡಿಯಲ್ಲಿ ಬೇಳೆ ಕಟ್ಟಿಸಿಕೊಳ್ಳುವಾಗಲೂ ಅವನ ಕೈ.

ಪಕ್ಕದ ಮನೆಯ ಶಾರವ್ವ ಒಂದು ದಿನ ಸೊಸೆಯ ಫೋನು ತಂದಳು. "ನಿನ್ನ ಗಂಡನ ಹಾಡಿನ ಕೆಳಗ ಹೆಸರು ಅದಾವಂತಲ್ಲ, ನೋಡಬಾ."

ಮಂಜವ್ವ ಎರಡನೆಯ ಇಯತ್ತೆ ತನಕ ಸಾಲೆಗೆ ಹೋದವಳು. ಅಕ್ಷರ ಕೂಡಿಸಲು ಬರುತ್ತದೆ, ಹೊತ್ತು ಹಿಡಿಯುತ್ತದೆ. ಹಾಡಿದವರು, ವಿದ್ಯಾ. ಸಂಗೀತ, ನಾಸೀರ. ಬೆಂಜೊ... ಅವಳು ಬೆರಳು ಇಟ್ಟು ಓದಿದಳು. ಮಾ. ಳ. ಪ್ಪ. ಮತ್ತೊಮ್ಮೆ ಓದಿದಳು. ಮಾಳಪ್ಪ ಬ್ಯಾಂಡ್, ಅಕ್ಕಿಆಲೂರು.

ಅವಳು ಹಾಗೆಯೇ ಎದ್ದು ಮಾಳಪ್ಪನ ಮನೆಗೆ ಹೋದಳು. ಅವನು ಜಗುಲಿಯ ಮೇಲೆ ಕೂತು ಕಹಳೆಗೆ ಬ್ರಾಸೊ ಹಚ್ಚಿ ತಿಕ್ಕುತ್ತಿದ್ದ.

"ಭಾವಾರ, ಬೆಂಜೊ ಬಾರಿಸಿದವರು ಯಾರು?"

"ಯಾಕವಾ? ಕುಂದ್ರು. ಚಾ ಕುಡಿ."

"ಚಾ ಬ್ಯಾಡ. ಯಾರು ಬಾರಿಸಿದವರು?"

"ನನಗ ಗೊತ್ತಿಲ್ಲೇನು? ಆದರ ನಮ್ಮ ಬ್ಯಾಂಡಿನಾಗ ಯಾರ ಬಾರಿಸಿದ್ರೂ ಹೆಸರು ಬ್ಯಾಂಡಿಂದ. ನಮ್ಮಪ್ಪನ ಕಾಲದಿಂದ ಹಂಗ ಐತಿ. ಅಂವ ಏನ ಹೆಸರು ಅಂದ, ನಾ ಬ್ಯಾಂಡಿನ ಹೆಸರು ಹೇಳಿದೆ. ಸುಳ್ಳ ಹೇಳಿಲ್ಲ ನಾ."

"ಅದು ಮದುವಿ ಅಲ್ರಿ. ನೀವು ಯಾರೂ ಹೋಗಿಲ್ಲ ಅಲ್ಲಿಗೆ. ಅವರೊಬ್ಬರ ಹೋಗಿದ್ದು."

"ಕ್ವಾಟು ಯಾರ್ದು ಹಾಕ್ಕೊಂಡು ಹೋಗಿದ್ದ? ಬ್ಯಾಂಡಿಂದ!" ಮಾಳಪ್ಪ ಚಿಂದಿ ಕೆಳಗಿಟ್ಟ. "ಮೊದಲು ನಿನ್ನ ಕೇಳಿದ್ರಂತ. ಹೇಳಬೇಕಿತ್ತಿಲ್ಲೊ ನೀ?"

"ನಾ ಹೆಂಗ ಹೇಳ್ಲಿ?"

"ಮತ್ತ?" ಎಂದ ಮಾಳಪ್ಪ.

ಅವಳು ಜಗುಲಿ ಇಳಿದಳು. ದಾರಿಯುದ್ದಕ್ಕೂ ಆ ಮತ್ತ ಎಂಬ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚಿತು.

ಮಾಳಪ್ಪನಿಗೆ ಒಳ್ಳೆಯ ಕಾಲ ಬಂತು. ಡಿಜೆ ಬಂದ ಮೇಲೆ ಗೆದ್ದಲು ಹತ್ತಿದ್ದ ಬ್ಯಾಂಡು. ಈಗ ಶಿಗ್ಗಾಂವಿಯಿಂದ, ಹಾವೇರಿಯಿಂದ ಫೋನು. ಆ ಹಾಡಿನ ಬ್ಯಾಂಡು ನಿಮ್ದೇನ್ರಿ? ಹೌದು, ನಮ್ದ.

ಹಾನಗಲ್ಲಿನಲ್ಲಿ ವಿದ್ಯಾಳ ಕಾರ್ಯಕ್ರಮ ಇಟ್ಟರು. ಮಾಳಪ್ಪನಿಗೆ ಸನ್ಮಾನವೂ ಇದೆ ಎಂದು ಕೇರಿಯಲ್ಲಿ ಸುದ್ದಿ. ಮಂಜವ್ವ ಶಾರವ್ವನನ್ನು ಕರೆದಳು.

"ನೀ ಹೋದ್ರ ಮಂದಿ ಏನಂದಾರ? ಇನ್ನೂ ವರ್ಷ ತುಂಬಿಲ್ಲ," ಎಂದಳು ಶಾರವ್ವ.

"ನಮ್ಮ ಮನಿಯವರಂತೂ ಅಲ್ಲಿ ಬಾರಸಾಕ ಹೊಂಟಾರ. ನಾ ಕೇಳಾಕ ಹೋದ್ರ ಏನ ಕೊಳ್ಳಿ? ಆ ಹುಡುಗಿಗೆ ಹೇಳಬೇಕು ನಾ. ಎದುರಿಗೆ ನಿಂತು ಹೇಳಬೇಕು."

"ಹೆಸರು ಹೇಳ್ತಿಯೇನು ಮತ್ತ?"

"ನೀ ಹೇಳು. ನೀ ಅದಕ್ಕ ಬೇಕು ನನಗ."

"ಭಾಳ ಶಾಣ್ಯಾಕಿ!" ಎಂದು ಶಾರವ್ವ ಸೀರೆ ಬದಲಿಸಲು ಒಳಗೆ ಹೋದಳು.

ಬಯಲಲ್ಲಿ ಪೆಂಡಾಲು. ಮುಂದೆಲ್ಲ ಕಾಲೇಜಿನ ಹುಡುಗಿಯರು. ಮಾಳಪ್ಪನಿಗೆ ಶಾಲು ಹೊದಿಸಿದರು, ಪೇಟ ಕಟ್ಟಿದರು. ನಮ್ಮ ನೆಲದ ಮರೆತ ನಾದವನ್ನು ಉಳಿಸಿದವರು ಎಂದು ಒಬ್ಬರು ಭಾಷಣ ಮಾಡಿದರು. ಮಾಳಪ್ಪ ಕೈ ಮುಗಿದ. ಅವನ ಮುಖದಲ್ಲಿ ನಾಚಿಕೆಯಿತ್ತೋ ಬೆವರೋ, ಮಂಜವ್ವನಿಗೆ ದೂರದಿಂದ ತಿಳಿಯಲಿಲ್ಲ.

ವಿದ್ಯಾ ಬಂದಳು. ಕೆಂಪು ಲಂಗ, ಹಳೆಯ ಬ್ಯಾಂಡಿನವರ ಜರಿ ಕೋಟು. ಜನ ಹುಚ್ಚೆದ್ದರು. ಬೆಂಜೊ ಅಲ್ಲಿರಲಿಲ್ಲ, ಮಷೀನಿನಿಂದ ಬರುತ್ತಿತ್ತು. ಗುತ್ತೆಪ್ಪ ಕೆಮ್ಮು ಬಂದಾಗ ತಂತಿಯನ್ನು ಒಂದು ಸಲ ಸುಮ್ಮನೆ ಎಳೆದು ಬಿಡುತ್ತಿದ್ದ. ಅಂಥದೊಂದು ಎಳೆತವೂ ಹಾಡಿನಲ್ಲಿ ಹಾಗೆಯೇ ಇತ್ತು. ಜನ ಅದಕ್ಕೂ ಸಿಳ್ಳೆ ಹಾಕಿದರು.

ಹಾಡಿನ ನಡುವೆ ವಿದ್ಯಾ ಕೆಳಗಿಳಿದಳು. "ಎಲ್ಲಾರೂ ನಿಮ್ಮ ನಿಮ್ಮ ಹೆಸರು ಹೇಳ್ರಿ! ಸಣ್ಣ ದನೀಲೆ ಅಲ್ಲ, ಊರು ಕೇಳುವಂಗ! ಯಾರ ಮುಂದೂ ತಲಿ ತಗ್ಗಿಸಬ್ಯಾಡ್ರಿ!" ಎಂದು ಕೂಗಿ ಮೈಕನ್ನು ಒಬ್ಬೊಬ್ಬರ ಬಾಯಿಗೆ ಹಿಡಿಯುತ್ತ ನಡೆದಳು. ಸುಧಾರಾಣಿ, ನಾನ! ಅಫ್ಸಾನಾ, ನಾನ! ನೀಲಾಂಬಿಕಾ, ನಾನ! ಪ್ರತಿ ಹೆಸರಿಗೂ ಢೋಲು ಒಂದು ಪೆಟ್ಟು ಕೊಡುತ್ತಿತ್ತು, ಜನ ಹೋ ಎನ್ನುತ್ತಿದ್ದರು. ಬೆಳಕು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಯಾರ ಮುಂದೆ ನಿಂತಿದ್ದೇನೆಂದು ಅವಳಿಗೆ ಕಾಣುತ್ತಿರಲಿಲ್ಲ.

ಮೈಕು ಮಂಜವ್ವನ ಬಾಯಿಗೆ ಬಂತು.

ಶಾರವ್ವ ಅವಳ ಸೆರಗು ಹಿಡಿದು ಜಗ್ಗಿದಳು. ಮಂಜವ್ವ ಎದ್ದು ನಿಂತಳು.

"ಗುತ್ತೆಪ್ಪ," ಎಂದಳು.

ಸ್ಪೀಕರಿನಲ್ಲಿ ಇಡೀ ಬಯಲಿಗೆ ಕೇಳಿಸಿತು. ಅವಳಿಗೇ ಯಾರೋ ಕರೆದ ಹಾಗಾಯಿತು. "ಗುತ್ತೆಪ್ಪ. ಬೆಂಜೊ ಬಾರಿಸಿದವರು. ಅವರು ನನ್ನ—"

ಢೋಲು ಪೆಟ್ಟು ಕೊಟ್ಟಿತು. ಜನ ಹೋ ಎಂದರು. ಮುದುಕಿಯೊಬ್ಬಳು ಏನೋ ಧೈರ್ಯ ಮಾಡಿ ಹೇಳಿದಳೆಂದು ಹುಡುಗಿಯರು ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಒಬ್ಬಳು ಅವಳ ಹೆಗಲು ತಟ್ಟಿ ಸೂಪರ್ ಅಜ್ಜಿ ಎಂದಳು. ಮೈಕು ಮುಂದಿನವಳ ಬಾಯಿಗೆ ಹೋಗಿತ್ತು. ಹಾಡು ಮತ್ತೆ ಶುರುವಾಯಿತು.

ಮಂಜವ್ವ ಕೂತಳು. ಇಷ್ಟು ವರ್ಷ ಹಲ್ಲಿನ ಹಿಂದೆ ಕಟ್ಟಿಟ್ಟದ್ದನ್ನು ಬಿಟ್ಟಿದ್ದಳು. ಅದು ಹಾನಗಲ್ಲಿನ ಗದ್ದಲದಲ್ಲಿ ಒಂದು ಢೋಲಿನ ಪೆಟ್ಟಾಗಿ ಹೋಗಿತ್ತು.

ಆದರೆ ವಿದ್ಯಾ ಕೇಳಿಸಿಕೊಂಡಿದ್ದಳು. ಕಾರ್ಯಕ್ರಮ ಮುಗಿದ ಮೇಲೆ ಹುಡುಕಿಕೊಂಡು ಬಂದಳು. ಮುಖದ ಬಣ್ಣ ಬೆವರಿಗೆ ಇಳಿದಿತ್ತು. ಹತ್ತಿರದಿಂದ ನೋಡಿದರೆ ಎಳೆಯ ಹುಡುಗಿ.

"ಅವ್ವಾರ, ನೀವು ಮಾಸ್ತರ ಮನಿಯವರೇನ್ರಿ? ಗುತ್ತೆಪ್ಪ ಅಂದ್ರ... ಮಾಸ್ತರೇನ್ರಿ?"

"ಹೌದು."

"ನಾ ಅವರ ಮುಂದ ಕುಂತು ಇಡೀ ರೆಕಾರ್ಡ್ ಹಾಡೀನ್ರಿ. ಮಾಸ್ತರ ಮಾಸ್ತರ ಅಂತಿದ್ದೆ. ಹೆಸರು ಕೇಳಲೇ ಇಲ್ರಿ ನಾ. ಅಷ್ಟೂ ಬಾರಿಸಿದ್ದು ಅವರ. ಗೊತ್ತಿದ್ದೂ ಕವರು ನೋಡಿ ಸುಮ್ಮನಾದೆ. ಬ್ಯಾಂಡಿನ ಹೆಸರ ಹಾಕೂದು ಪದ್ಧತಿ ಇರಬೇಕು ಅನ್ಕೊಂಡೆ."

"ಮಂದಿ ಕಡೆಯಿಂದೆಲ್ಲ ಹೆಸರು ಹೇಳಸ್ತಿ ತಂಗಿ," ಎಂದಳು ಮಂಜವ್ವ.

ವಿದ್ಯಾ ಅಳತೊಡಗಿದಳು. ಮಂಜವ್ವನಿಗೆ ಕನಿಕರ ಬರಲಿಲ್ಲ. ಹುಡುಗಿಯ ಮೇಲೆ ಸಿಟ್ಟೂ ಬರಲಿಲ್ಲ. ಪೇಟ ಕಟ್ಟಿಕೊಂಡ ಮಾಳಪ್ಪ ಅತ್ತ ಕಡೆಯಿಂದ ನೋಡುತ್ತ ನಿಂತಿದ್ದ. ಹತ್ತಿರ ಬರಲಿಲ್ಲ. ವಿದ್ಯಾ ಫೋನಿನಲ್ಲಿ ಇವತ್ತೇ ಬದಲು ಮಾಡುತ್ತೇನೆ ಎಂದಳು. ತಟ್ಟೆಯ ಕವರು ಮಾತ್ರ ಪ್ರಿಂಟಾಗಿ ಹೋಗಿದೆ, ಅದಕ್ಕೇನೂ ಮಾಡಲು ಬರುವುದಿಲ್ಲ ಎಂದಳು. ಒಂದು ತಟ್ಟೆ ತಂದು ಎರಡೂ ಕೈಯಿಂದ ಕೊಟ್ಟಳು.

ಮಂಜವ್ವ ಅದನ್ನು ತಿರುಗಿಸಿ ನೋಡಿದಳು. ಹಿಂದೆ, ಕೆಳಗೆ, ಮಾಳಪ್ಪ.

"ಇದನ್ನೇನ ಮಾಡ್ಲಿ? ರೊಟ್ಟಿ ಬುಟ್ಟಿ ಮುಚ್ಚಲೇನು?" ಎಂದು ತಿರುಗಿ ಅವಳ ಕೈಗೆ ಕೊಟ್ಟಳು.

ಹುಡುಗಿ ಮಾತು ಉಳಿಸಿಕೊಂಡಳು. ಫೋನಿನಲ್ಲಿ ಹೆಸರು ಬಂತು. ಹಾಡಿನ ಕೆಳಗೆ ಒಂದು ಕಡೆ ಒತ್ತಬೇಕು, ಆಮೇಲೆ ಬೆರಳಿನಿಂದ ಮೇಲೆ ನೂಕುತ್ತಾ ಹೋಗಬೇಕು, ಆಗ ಬರುತ್ತದೆ: ಗುತ್ತೆಪ್ಪ, ಅಕ್ಕಿಆಲೂರು. ಶಾರವ್ವನ ಸೊಸೆ ಒಮ್ಮೆ ತೋರಿಸಿದಳು. ಅಷ್ಟು ಕೆಳಗೆ ಹೋಗಿ ನೋಡುವವರು ಯಾರು? ಮಂದಿ ಈಗಲೂ ಮಾಳಪ್ಪನ ಬೆಂಜೊ ಎಂದೇ ಅನ್ನುತ್ತಾರೆ.

ಮದುವೆ ಕಾಲ ಶುರುವಾಗುವ ಮುಂದೆ ಮಾಳಪ್ಪ ಮನೆಗೆ ಬಂದ. ಕೈಯಲ್ಲಿ ಒಂದು ಕಿಲೋ ಬಾಳೆಹಣ್ಣು. ಹಣ್ಣು ಇಟ್ಟು, ಗೂಟದ ಕಡೆ ನೋಡಿ ಹೇಳಿದ, "ಬೆಂಜೊ ಸುಮ್ನ ನೇತಾಡಾಕತ್ತೈತಿ. ಬ್ಯಾಂಡಿಗೆ ಕೊಡು."

"ಬಾರಸಾವರು ಯಾರು?"

"ಯಾರೂ ಬಾರಸೂದು ಬ್ಯಾಡ. ಸಪ್ಪಳ ಪೆನ್‌ಡ್ರೈವಿನಾಗ ಐತಿ. ಒಬ್ಬಾಂವ ಕೊರಳಿಗೆ ಹಾಕ್ಕೊಂಡು ಬೆರಳು ಆಡಿಸಿದ್ರ ಸಾಕು. ಮಂದಿಗೆ ನೋಡಾಕ ಬೇಕು."

ಮಂಜವ್ವ ಒಲೆಯ ಮುಂದಿನಿಂದ ಎದ್ದಳು.

"ಭಾವಾರ. ನಮ್ಮ ಗುತ್ತೆಪ್ಪನ ಸಪ್ಪಳ ನೀವು ಒಯ್ದ್ರಿ. ಒಯ್ರಿ, ನನ್ನ ಕೈಯಾಗ ಇಲ್ಲ ಅದು. ಪೆಟಗಿ ನನ್ನ ಕೈಯಾಗ ಐತಿ. ಕೊಡೂದಿಲ್ಲ."

ಮಾಳಪ್ಪನ ಕಣ್ಣು ದೊಡ್ಡದಾಯಿತು. ಬೆಂಜೊ ಕೊಡುವುದಿಲ್ಲ ಎಂದದ್ದಕ್ಕಲ್ಲ. "ಗಂಡನ ಹೆಸರು ಹಿಡದು ಮಾತಾಡ್ತಿ? ನನ್ನ ಮುಂದ? ನಾಚಿಕಿ ಬಿಟ್ಟಿ ಏನು?"

"ಬಿಟ್ಟೆ. ಬಾಳಿಹಣ್ಣು ತಗೊಂಡು ಹೋಗ್ರಿ, ಕರ್ರಗಾಗ್ತಾವ."

ಅವನು ಹಣ್ಣು ಬಿಟ್ಟೇ ಹೋದ. ಹೊಸದೊಂದು ಬೆಂಜೊ ತರಿಸಿಕೊಂಡನಂತೆ, ತಂತಿಯಿಲ್ಲದ್ದು. ಆ ಕಾಲದಲ್ಲಿ ಅವನಿಗೆ ಒಂದು ದಿನವೂ ಬಿಡುವಿರಲಿಲ್ಲ. ಹಿರೇಕೆರೂರಿಗೂ ಹೋದ, ಅದೇ ಬಸ್ ಸ್ಟ್ಯಾಂಡಿನ ಆಚೆಯ ರಸ್ತೆಯಲ್ಲೇ. ಕೇರಿಯಲ್ಲಿ ಮಂಜವ್ವನ ಜೊತೆ ಮಾತು ಬಿಟ್ಟವರು ಕೆಲವರು. ಗಂಡ ಸತ್ತ ಮೇಲೆ ಬಾಯಿ ಬಂದೈತಿ ಎಂದು ಆಡಿಕೊಂಡವರು ಉಳಿದವರು.

ಬೆಳಗಾದರೆ ನಳಕ್ಕೆ ನೀರು ಬಿಡುತ್ತಾರೆ. ಹೆಂಗಸರು ಕೊಡಗಳನ್ನು ಸಾಲಿಗೆ ಇಟ್ಟು ಮನೆಗೆ ಹೋಗಿ ಕಸ ಹೊಡೆದು ಬರುತ್ತಾರೆ. ಪಾಳಿ ನೋಡಿಕೊಳ್ಳುವ ಮುದುಕಿಗೆ ಕಣ್ಣು ಮಂದ, ಯಾರ ಕೊಡ ಎಂದು ಗೊತ್ತಾಗುವುದಿಲ್ಲ. ಕೊಡದ ಬಾಯಿ ಹಿಡಿದು ಕೂಗಿ ಕೇಳುತ್ತಾಳೆ, "ಇದು ಯಾರ ಮನೀದು?"

"ಗುತ್ತೆಪ್ಪನ ಮನೀದು," ಎನ್ನುತ್ತಾಳೆ ಮಂಜವ್ವ. ಕೊಡ ತುಂಬಿಸಿಕೊಳ್ಳುತ್ತಾಳೆ. ಸಿಂಬೆ ಸರಿ ಮಾಡಿಕೊಂಡು ತಲೆಯ ಮೇಲೆ ಇಟ್ಟುಕೊಂಡು ಮನೆಗೆ ನಡೆಯುತ್ತಾಳೆ. ಇನ್ನೊಂದು ಕೊಡಕ್ಕೆ ತಿರುಗಿ ಬರಬೇಕು.